ರಿಪೋರ್ಟೆಲ್ಲ ನಾರ್ಮಲ್, ಮನೆ ಮಾತ್ರ ಅಲ್ಲ

ಮದುವೆಯಾಗಿ ಆರು ವರ್ಷವಾದರೂ ಮಕ್ಕಳಾಗಲಿಲ್ಲವೆಂದು ವಿಜಯನಗರದ ಡಾಕ್ಟರಮ್ಮನ ಹತ್ತಿರ ಹೋಗಲು ಶುರುಮಾಡಿದೆವು. ಆಮೇಲೆ ಮೂಡಲಪಾಳ್ಯದ ನಮ್ಮ ಮನೆಯಲ್ಲಿ ಚಿಕಿತ್ಸೆ ನನಗೋ, ಗಂಡನಿಗೋ, ಅತ್ತೆಗೋ ಎಂಬುದೇ ದಿನಾ ಗೊಂದಲ.

ತೂಕ

ಅಂಡಾಣು ಬೆಳೆಯಲು ಮಾತ್ರೆ ಬರೆದುಕೊಟ್ಟ ಡಾಕ್ಟರು, "ತೂಕ ಇಳಿಸಿದ್ರೆ ಇದು ಚೆನ್ನಾಗಿ ಕೆಲಸ ಮಾಡುತ್ತೆ, ದಿನಾ ವಾಕಿಂಗ್ ಹೋಗಿ" ಅಂದರು. ಮನೆಗೆ ಬಂದು ಹೇಳಿದರೆ ಅತ್ತೆಗೆ ಸಿಟ್ಟು. "ಮಗು ಹೊರೋಳು ಸಣ್ಣ ಆಗ್ಬೇಕಾ? ಯಾವೂರ ಡಾಕ್ಟ್ರು ಕಣೇ ಅವರು?"

ಮುಂದಿನ ತಿಂಗಳು ತೂಕ ಇನ್ನೂ ಏರಿತ್ತು.

"ವಾಕಿಂಗ್ ಹೋಗ್ತಿಲ್ವಾ?" ಅಂದರು ಡಾಕ್ಟರು.

"ಹೋಗ್ತಿದೀನಿ ಮೇಡಂ. ಅತ್ತೆನೂ ಜೊತೆಗೆ ಬರ್ತಾರೆ, ಅಂಟಿನುಂಡೆ ಡಬ್ಬಿ ಹಿಡ್ಕೊಂಡು."

ಗಂಡನ ಟೆಸ್ಟು

ನನ್ನ ಗಂಡನಿಗೆ ನಾಯಂಡಹಳ್ಳಿಯಲ್ಲಿ ಗ್ಯಾರೇಜಿದೆ. ಯಾರ ಗಾಡಿ ಕೆಟ್ಟರೂ ಎಲ್ಲ ಬಿಚ್ಚಿ ನೋಡಬೇಕು ಎನ್ನುವವರು, ತಮ್ಮ ಟೆಸ್ಟು ಅಂದ ಕೂಡಲೇ ಬೆವತುಬಿಟ್ಟರು.

"ನಂಗ್ಯಾಕೆ ಮೇಡಂ? ನಮ್ಮಪ್ಪಂಗೆ ಐದು ಮಕ್ಳು."

"ಸಂತೋಷ. ನಿಮ್ಮಪ್ಪಂದು ನಾರ್ಮಲ್ ಅಂತ ಬರ್ಕೊಂಡೆ. ಈಗ ನಿಮ್ಮದು ಕೊಡಿ."

ಮಾಲೆ

ಅಂತೂ ಅವರದೂ ನಾರ್ಮಲ್ ಬಂತು. ಮಾತ್ರೆಯೂ ಕೊನೆಗೆ ಕೈ ಹಿಡಿಯಿತು. ಸ್ಕ್ಯಾನ್‌ನಲ್ಲಿ ಅಂಡಾಣು ಬೆಳೆದದ್ದು ನೋಡಿದ ಡಾಕ್ಟರು ನನಗೊಂದು ಇಂಜೆಕ್ಷನ್ ಕೊಟ್ಟು, "ನಾಳೆ, ನಾಡಿದ್ದು ಗಂಡ ಹೆಂಡ್ತಿ ಜೊತೆಗಿರಿ, ತಪ್ಪಿಸ್ಬೇಡಿ" ಅಂದರು. ಖುಷಿಯಲ್ಲಿ ಮನೆಗೆ ಬಂದರೆ ಹಾಲ್‌ನಲ್ಲಿ ಹೊಸ ಕಪ್ಪು ಪಂಚೆ, ಹೊಸ ಚಾಪೆ.

"ಮೊಮ್ಮಗು ಆಗ್ಲಿ ಅಂತ ಹರಕೆ ಹೊತ್ತಿದೀನಿ ಕಣೇ. ನಾಳೆ ಬೆಳಿಗ್ಗೆ ಇವನು ಶಬರಿಮಲೆಗೆ ಮಾಲೆ ಹಾಕ್ತಾನೆ. ಹೋಗಿ ಬರೋವರ್ಗೂ ಬ್ರಹ್ಮಚರ್ಯ, ಹಾಲಲ್ಲೇ ಮಲಗ್ತಾನೆ" ಅಂದರು ಅತ್ತೆ.

ಗಂಡನ ಮುಖ ನೋಡಿದೆ. ಅವರು ಫ್ಯಾನ್ ನೋಡುತ್ತಿದ್ದರು. ನನಗೆ ಅಳುವೇ ಬಂತು. ಇಷ್ಟು ತಿಂಗಳು ಕಾದದ್ದು ಒಂದು ಚಾಪೆಯ ಪಾಲಾಗುವುದೆಂದರೆ ಹೇಗೆ? ನಾಚಿಕೆ ಬಿಟ್ಟು ಅತ್ತೆಯನ್ನು ಅಡುಗೆಮನೆಗೆ ಕರೆದು ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ.

ಅತ್ತೆ ಹಾಲ್‌ಗೆ ಹೋಗಿ ಚಾಪೆ ಸುತ್ತಿದರು. "ಸರಿ, ಮಾಲೆ ಮುಂದಿನ ವರ್ಷ ಹಾಕ್ಲಿ. ಅಯ್ಯಪ್ಪ ಬೇಜಾರು ಮಾಡ್ಕೊಳ್ಳಲ್ಲ" ಎಂದು ಪಂಚೆಯನ್ನು ಬೀರುವಿನಲ್ಲಿಟ್ಟರು. ಆದರೂ ಮುಖದಲ್ಲಿ ಏನೋ ಅನುಮಾನ ಉಳಿದಿತ್ತು. ಮತ್ತೆ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು:

"ಅಲ್ಲ ಕಣೇ, ಡಾಕ್ಟ್ರು ಇಂಜೆಕ್ಷನ್ ಕೊಟ್ಟ ಮೇಲೂ ನನ್ನ ಮಗ ಬೇಕಾ?"