ಪೀಪಾಯಿಯೊಳಗೆ ಅಜ್ಜಿಯ ಪೆಟ್ಟಿಗೆ

ಪಾನೀಯ ರುಚಿ ನಿರ್ಧಾರಣಾ ಇಲಾಖೆಯ ಇತಿಹಾಸದಲ್ಲಿ ಯಾವುದೇ ಪಾನೀಯ ಚೆನ್ನಾಗಿತ್ತೆಂಬ ದಾಖಲೆ ಇಲ್ಲ. ಕೆಟ್ಟಿತ್ತೆಂಬ ದಾಖಲೆಯೂ ಇಲ್ಲ. ಇಲಾಖೆಗೆ ಬಂದ ಬಿಯರು, ವೈನು, ಶರಬತ್ತು, ಸೋಡಾ, ಒಮ್ಮೆ ಯಾರೋ ಮೇಜಿನ ಮೇಲೆ ಮರೆತು ಹೋದ ಕೆಮ್ಮಿನ ಔಷಧಿ, ಎಲ್ಲವೂ ಒಂದೇ ಪದದಲ್ಲಿ ತೇರ್ಗಡೆಯಾಗಿದ್ದವು: ‘ಸಾಧಾರಣ’. ಈ ಪದವನ್ನು ಬರೆಯುತ್ತಿದ್ದವರು ಹಿರಿಯ ರುಚಿ ಅಧಿಕಾರಿಗಳು. ಹಾಗಾಗಿ ಅವರನ್ನು ಕಚೇರಿಯವರೂ ಅರ್ಜಿದಾರರೂ ಸಾಧಾರಣ ಸಾಹೇಬರು ಎಂದೇ ಕರೆಯುತ್ತಿದ್ದರು. ಸಿಟ್ಟು ಬಂದಾಗ ಹೆಂಡತಿಯೂ ಹಾಗೆಯೇ ಕರೆಯುತ್ತಿದ್ದರು.

ಸಾಹೇಬರಿಗೆ ನಾಲಿಗೆ ಸತ್ತಿತ್ತೆಂದು ಯಾರೂ ತಿಳಿಯಬಾರದು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಬಿಸಿರಕ್ತದ ಭರದಲ್ಲಿ, ಒಂದು ನಿಂಬೆ ಪಾನಕಕ್ಕೆ ಅವರು ‘ಪರವಾಗಿಲ್ಲ’ ಎಂದು ಬರೆದುಬಿಟ್ಟಿದ್ದರು. ಪರವಾಗಿಲ್ಲ ಎಂದರೆ ಯಾರ ಪರವಾಗಿ ಎಂದು ವಿವರಣೆ ಕೇಳಿದ ಇಲಾಖೆ, ಅವರನ್ನು ಹತ್ತಾರು ಮೇಜು ಸುತ್ತಿಸಿ, ಕೊನೆಗೆ ‘ಸಾಧಾರಣ’ ಎಂದು ತಿದ್ದಿಸಿತ್ತು. ಅಂದಿನಿಂದ ಅವರು ಸಾಧಾರಣವನ್ನು ಬಿಟ್ಟು ಕದಲಿರಲಿಲ್ಲ. ನಿವೃತ್ತಿಯವರೆಗೂ ಹೀಗೇ ತಣ್ಣಗೆ ಇದ್ದುಬಿಡುವುದು ಅವರ ಏಕೈಕ ಮಹತ್ವಾಕಾಂಕ್ಷೆಯಾಗಿತ್ತು.

ಇಂಥ ನೆಮ್ಮದಿಯ ನಡುವೆ ಪೀಪಾಯಿ ಅಕ್ಕ ಬಂದರು.

ಪೀಪಾಯಿ ಅಕ್ಕ ಎಂದರೆ ಅಣ್ಣನ ಬೇಕರಿಯಲ್ಲಿ ಬನ್ನುಗಳಿಗೆ ಎಣ್ಣೆ ಸವರಿ ಸವರಿ ಸಾಕಾಗಿ, ಹಿತ್ತಲಿನ ಶೆಡ್ಡಿನಲ್ಲಿ ಏಲ್ ಮಾಡಲು ಕೂತ ಹೆಂಗಸು. ಏಲ್ ಎಂದರೆ ಬಿಯರಿನ ಕುಲದ್ದೇ, ಆದರೆ ಇವರದು ಕಂದುಬಣ್ಣದ, ದಪ್ಪನೆಯ, ಒಂದೇ ಲೋಟಕ್ಕೆ ಮನುಷ್ಯನನ್ನು ಕೂರಿಸುವಂಥದ್ದು. ಬಾರ್ಲಿಗೆ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದ ಮಾಲ್ಟನ್ನು ಧಾರಾಳವಾಗಿ ಸುರಿದು, ಚಳಿಗಾಲವಿಡೀ ಮರದ ಪೀಪಾಯಿಯಲ್ಲಿ ಮಲಗಿಸಿದ್ದರು. ಪೀಪಾಯಿ ಇದ್ದದ್ದು ಒಂದೇ. ಅದು ಇಲಾಖೆಯಲ್ಲಿ ಪಾಸಾದರೆ ಸ್ವಂತ ಅಂಗಡಿ, ಇಲ್ಲದಿದ್ದರೆ ಮತ್ತೆ ಅಣ್ಣನ ಬನ್ನು. ಅತ್ತಿಗೆ ಆಗಲೇ ಎಣ್ಣೆಯ ಬ್ರಷ್ಷನ್ನು ತೊಳೆದು ಒಣಗಿಸಿಟ್ಟಿದ್ದರು.

ರುಚಿ ಕೊಠಡಿಯಲ್ಲಿ ಒಂದು ಸ್ಟೀಲ್ ಮೇಜು, ಒಂದು ನಲ್ಲಿ, ಒಂದು ಉಗುಳುವ ಬೇಸಿನ್ನು, ಮಿಣುಕುವ ಟ್ಯೂಬ್‌ಲೈಟು ಇದ್ದವು. ಗೋಡೆಯ ಮೇಲೆ ಸೂಚನೆ ಇತ್ತು: ‘ರುಚಿ ನೋಡುವವರು ನುಂಗತಕ್ಕದ್ದಲ್ಲ. ನುಂಗಿದಲ್ಲಿ ಸದರಿ ಅವಧಿಯನ್ನು ರಜೆಯೆಂದು ಪರಿಗಣಿಸಲಾಗುವುದು.’ ಸಾಹೇಬರು ಲೋಟಕ್ಕೆ ಎರಡು ಬೆರಳಷ್ಟು ಸುರಿದುಕೊಂಡರು, ನಿಯಮದಂತೆ ಮೂಸಿದರು, ಗುಟುಕು ಬಾಯಿಗೆ ಹಾಕಿಕೊಂಡು ನಿಯಮದಂತೆ ಬೇಸಿನ್ನಿನ ಕಡೆ ಬಾಗಿದರು. ಬಾಯಿ ತೆರೆಯಲಿಲ್ಲ. ಇಷ್ಟು ವರ್ಷ ಹೇಳಿದಂತೆ ಕೇಳಿಕೊಂಡಿದ್ದ ಬಾಯಿ ಅದು. ಬಾಗಿದ ಭಂಗಿಯಲ್ಲೇ ಸಾಹೇಬರು ನುಂಗಿದರು. ಆಮೇಲೆ, ನುಂಗಿದ್ದು ನಿಜವೇ ಎಂದು ಖಚಿತಪಡಿಸಿಕೊಳ್ಳಲು, ಇನ್ನೊಮ್ಮೆ ನುಂಗಿದರು.

ಅವರಿಗೆ ಸಂತೋಷವಾಯಿತು. ಕಚೇರಿಯಲ್ಲಿ ಹಾಗಾದದ್ದು ಅದೇ ಮೊದಲು. ಏನು ಮಾಡಬೇಕೆಂದು ತೋಚದೆ ಪೆನ್ನು ತೆಗೆದು ಬರೆದರು:

‘ಬಣ್ಣ ಹೊಳಪಿನ ಕಂದು. ಮೊದಲು ಒಣದ್ರಾಕ್ಷಿ. ಅದರ ಬೆನ್ನಿಗೇ ಸುಟ್ಟ ಸಕ್ಕರೆ, ಒಲೆಯಲ್ಲಿ ತುಸು ಹೆಚ್ಚೇ ಕೂತ ಬ್ರೆಡ್ಡಿನ ಅಂಚು. ನಡುವೆ ಎಲ್ಲೋ ಹಳೇ ಚರ್ಮದ ಬ್ಯಾಗು. ನುಂಗಿದ ಮೇಲೆ ಅಜ್ಜಿಯ ಮರದ ಪೆಟ್ಟಿಗೆ ತೆರೆದಂತಾಗಿ ಎದೆ ಬೆಚ್ಚಗಾಗುತ್ತದೆ. ಬಹಳ ಚೆನ್ನಾಗಿದೆ.’

‘ನುಂಗಿದ ಮೇಲೆ’ ಎಂದು ಅವರೇ ಒಪ್ಪಿಕೊಂಡಿದ್ದರಿಂದ ಅರ್ಧ ದಿನದ ರಜೆ ಕಡಿತವಾಯಿತು. ಸಾಹೇಬರು ಬೇಜಾರು ಮಾಡಿಕೊಳ್ಳಲಿಲ್ಲ. ನಿಜವಾದ ತೊಂದರೆ ಆಕ್ಷೇಪಣಾಧಿಕಾರಿಗಳ ಕೊಠಡಿಯಿಂದ ಬಂತು.

ಆಕ್ಷೇಪಣಾಧಿಕಾರಿಗಳು ಸಜ್ಜನರು. ಕುಡಿಯುವವರಲ್ಲ, ಚಹಾ ಕೂಡ ಬೇರೆಯವರು ಕುಡಿಯುವುದನ್ನು ನೋಡಿಯೇ ತೃಪ್ತರಾಗುವವರು. ವರದಿಯನ್ನು ಅರ್ಜಿಯ ಜೊತೆ ತಾಳೆ ನೋಡಿ ಅವರು ಈ ಕೆಳಗಿನ ಟಿಪ್ಪಣಿ ಕಳಿಸಿದ್ದರು:

‘ಅರ್ಜಿದಾರಳು ಘೋಷಿಸಿದ ಪದಾರ್ಥಗಳು: ನೀರು, ಮಾಲ್ಟು, ಹಾಪ್ ಹೂವು (ಕಹಿಗೆ), ಈಸ್ಟು. ರುಚಿ ಅಧಿಕಾರಿಗಳು ಪತ್ತೆ ಹಚ್ಚಿದ ಅಘೋಷಿತ ಪದಾರ್ಥಗಳು: ಒಣದ್ರಾಕ್ಷಿ, ಸಕ್ಕರೆ (ಸುಟ್ಟದ್ದು), ಬ್ರೆಡ್ಡು (ಅಂಚು ಮಾತ್ರ), ಬ್ಯಾಗು (ಹಳೆಯದು), ಪೆಟ್ಟಿಗೆ. ಪೆಟ್ಟಿಗೆಯು ಯಾವ ಅಜ್ಜಿಯದೆಂದು ನಮೂದಿಸಿಲ್ಲ. ಇದು ಕಲಬೆರಕೆ. ಅಲ್ಲವಾದಲ್ಲಿ ಸುಳ್ಳು ವರದಿ. ಕಲಬೆರಕೆಯಾದಲ್ಲಿ ಪೀಪಾಯಿಯನ್ನು ಸಾಕ್ಷಿಗಳ ಸಮಕ್ಷಮ ಚರಂಡಿಗೆ ಸುರಿಯತಕ್ಕದ್ದು. ಸುಳ್ಳು ವರದಿಯಾದಲ್ಲಿ ಅಧಿಕಾರಿಗಳ ನಾಲಿಗೆಯನ್ನು ಪೂರ್ವಾನ್ವಯವಾಗಿ ಅಮಾನ್ಯಗೊಳಿಸಿ, ಹಿಂದಿನ ಎಲ್ಲ ಸಾಧಾರಣಗಳನ್ನೂ ಮರುಪರಿಶೀಲಿಸತಕ್ಕದ್ದು.’

ಸಾಹೇಬರು ಟಿಪ್ಪಣಿ ಹಿಡಿದುಕೊಂಡು ಓಡಿದರು.

“ಸ್ವಾಮಿ, ಅದರಲ್ಲಿ ದ್ರಾಕ್ಷಿ ಇದೆ ಅಂತ ನಾನೆಲ್ಲಿ ಹೇಳಿದೆ? ದ್ರಾಕ್ಷಿ ತರಹ ಇದೆ ಅಷ್ಟೆ.”

“ತರಹ ಅಂದ್ರೆ ಎಷ್ಟು ಗ್ರಾಂ?” ಎಂದರು ಆಕ್ಷೇಪಣಾಧಿಕಾರಿಗಳು.

“ಗ್ರಾಂ ಇಲ್ಲ ಸ್ವಾಮಿ. ಮಾಲ್ಟನ್ನ ಹುರಿಯೋ ಹದದಲ್ಲೇ ಹುರಿದು, ಪೀಪಾಯಿಲಿ ಹಾಗೇ ಬಿಟ್ರೆ, ತಾನಾಗೇ ಆ ರುಚಿ ಬರುತ್ತೆ.”

“ತಾನಾಗೇ ಬರೋದಾ? ದ್ರಾಕ್ಷಿ ಇಲ್ದೆ ದ್ರಾಕ್ಷಿ ರುಚಿ? ನಾಳೆ ನಾನು ಆಫೀಸಿಗೆ ಬರದೇನೇ ನನ್ನ ಸಹಿ ಬಂದುಬಿಟ್ರೆ ನೀವು ಒಪ್ತೀರಾ?”

ಹಾಗೆ ಅನೇಕ ಸಲ ಬಂದಿತ್ತು. ಆದರೆ ಅದು ಬೇರೆ ಕಡತ.

“ಹೋಗ್ಲಿ, ಬ್ಯಾಗು?” ಆಕ್ಷೇಪಣಾಧಿಕಾರಿಗಳು ಕನ್ನಡಕ ಏರಿಸಿ ಮೃದುವಾಗಿ ಕೇಳಿದರು. “ಬ್ಯಾಗೂ ತಾನಾಗೇ ಬಂತಾ?”

ಸಾಹೇಬರು ಟಿಪ್ಪಣಿಯನ್ನು ಮತ್ತೆ ಮೊದಲಿನಿಂದ ಓದತೊಡಗಿದರು. ಅವರ ಮುಖ ನೋಡಿ ಆಕ್ಷೇಪಣಾಧಿಕಾರಿಗಳಿಗೆ ಕರುಳು ಚುರುಕ್ ಎಂದಿತು. ಆಕ್ಷೇಪಣೆಯಷ್ಟೇ ಪರಿಹಾರವೂ ಅವರ ಕರ್ತವ್ಯವಾಗಿತ್ತು. “ನೋಡಿ, ನಿಮ್ಮ ವರದಿ ಅನುಮೋದನೆ ಆಗಿ ಕೂತಿದೆ, ಅದನ್ನ ಬದಲಾಯಿಸೋ ಹಾಗಿಲ್ಲ. ಏಲ್ ಬದಲಾಯಿಸಬಹುದು. ಆಕೆ ಆ ಪದಾರ್ಥಗಳನ್ನೆಲ್ಲ ಘೋಷಿಸಿ, ನಮ್ಮೆದುರಿಗೇ ಪೀಪಾಯಿಗೆ ಹಾಕ್ಲಿ. ಆಗ ಕಲಬೆರಕೆಯೂ ಇಲ್ಲ, ಸುಳ್ಳೂ ಇಲ್ಲ. ಎಲ್ಲ ಸುಸೂತ್ರ.”

ಸಂಜೆ ಸಾಹೇಬರು ಬೇಕರಿಯ ಹಿತ್ತಲಿಗೆ ಹೋದಾಗ ಪೀಪಾಯಿ ಅಕ್ಕ ಪೀಪಾಯಿಯ ಪಟ್ಟಿಗಳನ್ನು ಒರೆಸುತ್ತಿದ್ದರು. ಸುದ್ದಿ ಕೇಳಿ ಬಟ್ಟೆ ಕೆಳಗಿಟ್ಟರು.

“ಚೆನ್ನಾಗಿದೆ ಅಂತ ಬರೆದ್ರಾ ಸಾರ್?”

“ಬಹಳ ಚೆನ್ನಾಗಿದೆ ಅಂತ ಬರೆದೆ ಕಣಮ್ಮ.”

“ಯಾರು ಕೇಳಿದ್ರು ನಿಮ್ಮನ್ನ? ನೀವು ಎಲ್ರಿಗೂ ಸಾಧಾರಣ ಅಂತೀರಿ ಅಂತ ನಂಬ್ಕೊಂಡು ಬಂದೆ ನಾನು. ಊರಿಗೆಲ್ಲ ಅದನ್ನೇ ಬರೆದ್ರಿ, ನನಗೊಬ್ಬಳಿಗೆ ಹೊಟ್ಟೆ ಮೇಲೆ ಹೊಡೆದ್ರಲ್ಲ!”

ಸಾಹೇಬರಿಗೆ ನಾಚಿಕೆಯಾಯಿತು. ಜೀವಮಾನದಲ್ಲಿ ಒಂದೇ ಒಂದು ನಿಜ ಬರೆದಿದ್ದರು; ಅದು ನೇರವಾಗಿ ಈಕೆಯ ತಲೆಯ ಮೇಲೆ ಬಿದ್ದಿತ್ತು. “ಚರಂಡಿಗೆ ಹೋಗೋದಕ್ಕಿಂತ ಒಂದು ಹಿಡಿ ದ್ರಾಕ್ಷಿ ವಾಸಿ ಅಲ್ವಾ?” ಎಂದರು ಮೆಲ್ಲಗೆ.

“ದ್ರಾಕ್ಷಿ ಸರಿ. ಬ್ಯಾಗು?”

“ನಂದೇ ತರ್ತೀನಿ. ಸೋಪು ಹಾಕಿ ತೊಳೆದು ತರ್ತೀನಿ.”

ಪೀಪಾಯಿ ಅಕ್ಕ ಬೆರಳ ಗೆಣ್ಣಿನಿಂದ ಪೀಪಾಯಿಯನ್ನು ತಟ್ಟಿ, ಎಷ್ಟು ತುಂಬಿದೆ ಎಂದು ನೋಡಿದರು. ಬೇಕರಿಯೊಳಗಿಂದ ಅತ್ತಿಗೆ ಯಾವುದೋ ಹಾಡು ಗುನುಗುವುದು ಕೇಳಿಸಿತು. “ಆಯ್ತು, ನಾಳೆ ಬನ್ನಿ,” ಎಂದರು. “ಬೆಳಿಗ್ಗೇನೇ ಬರಬೇಡಿ. ನನಗೆ ಸ್ವಲ್ಪ ಕೆಲ್ಸ ಇದೆ.”

ಇನ್ನುಳಿದದ್ದು ಅಜ್ಜಿ. ಸಾಹೇಬರ ಸ್ವಂತ ಅಜ್ಜಿಯರಿಬ್ಬರೂ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಅವರ ಪೆಟ್ಟಿಗೆಯಲ್ಲಿ ಈಗ ಯಾರ ಮನೆಯಲ್ಲೋ ಈರುಳ್ಳಿ ಇತ್ತು. ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಪರಿಹಾರ ಸೂಚಿಸಿದರು. “ರೀ, ನಮ್ಮಮ್ಮ ಇಲ್ವಾ? ಮೊಮ್ಮಕ್ಕಳಿದಾರೆ, ಅಂದ್ಮೇಲೆ ಅಜ್ಜೀನೇ. ಪೆಟ್ಟಿಗೇನೂ ಇದೆ.”

ಅತ್ತೆಯವರು ತಟ್ಟೆಯಿಂದ ತಲೆ ಎತ್ತಿದರು. ಆ ಪೆಟ್ಟಿಗೆಯನ್ನು ಅವರು ಮಗಳಿಗೂ ಮುಟ್ಟಗೊಟ್ಟವರಲ್ಲ. “ಅಳಿಯಂದ್ರೇ, ನನ್ನ ಪೆಟ್ಟಿಗೇನ ಹೆಂಡದಲ್ಲಿ ಅದ್ದಬೇಕು ಅಂತಿದ್ದೀರಾ?”

“ಅದ್ದೋದಲ್ಲ ಅತ್ತೆ. ವರದಿಲಿ ಇರೋದು ‘ತೆರೆದಂತೆ’ ಅಂತ. ನೀವು ಪೀಪಾಯಿ ಪಕ್ಕ ಕೂತು ಒಂದ್ಸಲ ತೆರೆದು ಮುಚ್ಚಿದ್ರೆ ಸಾಕು.”

“ಸರ್ಕಾರಿ ಕೆಲ್ಸಾನಾ?”

“ಸರ್ಕಾರಿ ಕೆಲ್ಸಾನೇ.”

“ಹಾಗಿದ್ರೆ ಕಾರು ಕಳಿಸಕ್ಕೆ ಹೇಳಿ,” ಎಂದು ಅತ್ತೆಯವರು ಮತ್ತೆ ಊಟಕ್ಕೆ ಕೈ ಹಾಕಿದರು.

ಕಾರು ಬಂತು. ಅಜ್ಜಿ ಪದಾರ್ಥಗಳ ಪಟ್ಟಿಯಲ್ಲಿದ್ದುದರಿಂದ ಅವರನ್ನು ಸಾಗಾಣಿಕೆ ವೆಚ್ಚದಡಿ ತರಲಾಯಿತು. ಶೆಡ್ಡಿನಲ್ಲಿ ಆಕ್ಷೇಪಣಾಧಿಕಾರಿಗಳು, ಅವರ ಸಿಬ್ಬಂದಿ, ಸಿಬ್ಬಂದಿಯ ಕೆಲವು ನೆಂಟರು ಹಾಜರಿದ್ದರು. ಮೊದಲು ಒಣದ್ರಾಕ್ಷಿಯ ಗುಣಮಟ್ಟ ಪರಿಶೀಲನೆಯಾಯಿತು. ಒಬ್ಬೊಬ್ಬರೂ ಸ್ವತಂತ್ರವಾಗಿ ಪರಿಶೀಲಿಸಿ, ಮೇಲ್ಮನವಿಗೆಂದು ಒಂದಿಷ್ಟನ್ನು ಜೇಬಿನಲ್ಲಿಟ್ಟುಕೊಂಡು, ಉಳಿದ ಒಂದು ಮುಷ್ಟಿಯನ್ನು ಪೀಪಾಯಿಗೆ ಹಾಕಿಸಿದರು. ಬ್ರೆಡ್ಡಿನ ಅಂಚು ಮಾತ್ರ ಬೇಕಾದ್ದರಿಂದ ನಡುವಿನ ಭಾಗವನ್ನು ಬೆಣ್ಣೆ ಹಚ್ಚಿ ವಿಲೇವಾರಿ ಮಾಡಲಾಯಿತು. ಸುಟ್ಟ ಸಕ್ಕರೆ ಬಿತ್ತು. ಸಾಹೇಬರು ತಮ್ಮ ಬ್ಯಾಗಿನಿಂದ ಊಟದ ಡಬ್ಬಿ ತೆಗೆದು ಪಕ್ಕಕ್ಕಿಟ್ಟು, ಬ್ಯಾಗನ್ನು ಹಿಡಿಕೆಯಲ್ಲಿ ಹಿಡಿದು ಮುಳುಗಿಸಿದರು. ಅದು ಮುಳುಗಲು ಒಪ್ಪಲಿಲ್ಲ. ಆಕ್ಷೇಪಣಾಧಿಕಾರಿಗಳು ಅದರ ಮೇಲೊಂದು ಇಟ್ಟಿಗೆ ಇಡಿಸಿದರು. ಇಟ್ಟಿಗೆಯನ್ನೂ ಪದಾರ್ಥವಾಗಿ ಘೋಷಿಸಲಾಯಿತು.

ಅತ್ತೆಯವರು ಪೆಟ್ಟಿಗೆ ತೆರೆದರು. ಒಳಗೆ ಒಂದು ಶಾಲು, ಮರದ ಬಾಚಣಿಗೆ, ಗುಂಡಿಗಳ ಡಬ್ಬಿ ಇದ್ದವು. “ನೋಡಿಕೊಂಡ್ರಾ?” ಎಂದು ಪೀಪಾಯಿಯ ಕಡೆ ತಿರುಗಿ ಕೇಳಿ, ಮುಚ್ಚಿದರು. ದಾಖಲೆಯಲ್ಲಿ ‘ಅಜ್ಜಿ (ಒಬ್ಬರು): ಹಾಜರು’ ಎಂದು ಬರೆಯಲಾಯಿತು. ಇಷ್ಟೆಲ್ಲ ನಡೆಯುವಾಗ ಪೀಪಾಯಿ ಅಕ್ಕ ಗೋಡೆಗೆ ಒರಗಿ ನಿಂತಿದ್ದರು. ಪೀಪಾಯಿಯ ಮಟ್ಟ ನಿನ್ನೆಗಿಂತ ಸಾಕಷ್ಟು ಇಳಿದಿದ್ದನ್ನು ಸಾಹೇಬರು ಒಬ್ಬರೇ ಗಮನಿಸಿದರು. ಗಮನಿಸಿ, ಸೂರು ನೋಡಿದರು.

ವಾರ ಕಳೆದು ಎರಡನೆಯ ರುಚಿ ಪರೀಕ್ಷೆ ನಡೆಯಿತು. ಸಾಹೇಬರು ಗುಟುಕು ಬಾಯಿಗೆ ಹಾಕಿಕೊಂಡರು. ಈ ಸಲ ಬಾಯಿ ತಾನಾಗಿಯೇ ಬೇಸಿನ್ನನ್ನು ಹುಡುಕಿಕೊಂಡು ಹೋಯಿತು. ಅದರಲ್ಲಿ ಬ್ಯಾಗು ಇತ್ತು. ಬ್ಯಾಗಿನ ಹಿಂದೆ ವರ್ಷಗಟ್ಟಲೆಯ ಊಟದ ಡಬ್ಬಿಗಳಿದ್ದವು. ಎಲ್ಲದರ ಹಿಂದೆ ಇಟ್ಟಿಗೆ ಇತ್ತು. ಅವರಿಗೆ ಅಳು ಬರುವಂತಾಯಿತು. ಬಾಗಿಲಲ್ಲಿ ನಿಂತಿದ್ದ ಪೀಪಾಯಿ ಅಕ್ಕ ಅವರ ಕಣ್ಣನ್ನೇ ನೋಡುತ್ತಿದ್ದರು.

“ವರದಿಯಲ್ಲಿರೋದೆಲ್ಲ ಇದೆಯೋ?” ಎಂದರು ಆಕ್ಷೇಪಣಾಧಿಕಾರಿಗಳು.

“ಎಲ್ಲಾ ಇದೆ ಸ್ವಾಮಿ,” ಎಂದರು ಸಾಹೇಬರು, ಬಾಯಿ ಮುಕ್ಕಳಿಸಿಕೊಂಡು. ಅದು ನಿಜವಾಗಿತ್ತು. ಏಲ್ ‘ಬಹಳ ಚೆನ್ನಾಗಿದೆ’ ಎಂಬ ದರ್ಜೆಯಲ್ಲಿ ಪಾಸಾಯಿತು.

ಇಲಾಖೆಯ ಇತಿಹಾಸದಲ್ಲಿ ಮೊದಲ ಬಾರಿಗೆ ಒಂದು ಪಾನೀಯ ಚೆನ್ನಾಗಿದ್ದುದರಿಂದ ಅದನ್ನೇ ಮಾನದಂಡವಾಗಿ ಸ್ವೀಕರಿಸಲಾಯಿತು. ಹೊಸ ನಿಯಮದಂತೆ ಏಲ್ ತಯಾರಿಸುವವರೆಲ್ಲ ಇಲಾಖೆ ಅನುಮೋದಿಸಿದ ಹಳೇ ಬ್ಯಾಗನ್ನೇ ಬಳಸತಕ್ಕದ್ದು. ಹಳೇ ಬ್ಯಾಗುಗಳ ಅಭಾವ ಉಂಟಾದಾಗ, ಆಕ್ಷೇಪಣಾಧಿಕಾರಿಗಳ ಭಾವಮೈದುನ ಹೊಸ ಬ್ಯಾಗುಗಳನ್ನು ಹಳೆಯದು ಮಾಡುವ ಕಾರ್ಖಾನೆ ತೆರೆದು ನಾಡಿಗೆ ಉಪಕಾರ ಮಾಡಿದರು. ಅತ್ತೆಯವರು ಅಧಿಕೃತ ಅಜ್ಜಿಯಾಗಿ ನೇಮಕಗೊಂಡು, ಪೆಟ್ಟಿಗೆಯೊಂದಿಗೆ ಕಾರಿನಲ್ಲಿ ಶೆಡ್ಡಿನಿಂದ ಶೆಡ್ಡಿಗೆ ಓಡಾಡತೊಡಗಿದರು. ಜನರೂ ಬೇಗ ಹೊಂದಿಕೊಂಡರು. ತಿಳಿದವರು ಲೋಟವನ್ನು ಬೆಳಕಿಗೆ ಹಿಡಿದು, ಒಂದು ಗುಟುಕು ಕುಡಿದು, “ಇಟ್ಟಿಗೆ ಸ್ವಲ್ಪ ಮುಂದಾಯ್ತು, ಆದ್ರೆ ಬ್ಯಾಗು ಒಳ್ಳೇದು,” ಎನ್ನುವುದು ರೂಢಿಯಾಯಿತು. ಪೀಪಾಯಿ ಅಕ್ಕನ ಅಂಗಡಿಯ ಮುಂದೆ ಸಾಲು ನಿಲ್ಲುತ್ತಿತ್ತು. ಅತ್ತಿಗೆ ಈಗ ಅಲ್ಲಿ ಬ್ಯಾಗುಗಳನ್ನು ಒಣಗಿಸುವ ಕೆಲಸಕ್ಕಿದ್ದರು.

ಒಂದು ಭಾನುವಾರ ಮಧ್ಯಾಹ್ನ ಪೀಪಾಯಿ ಅಕ್ಕ ಸಾಹೇಬರ ಮನೆಗೆ ಬಂದು ಟವೆಲಿನಲ್ಲಿ ಸುತ್ತಿದ್ದ ಬಾಟಲಿಯೊಂದನ್ನು ಕೊಟ್ಟರು. “ಅವತ್ತು ಬೆಳಿಗ್ಗೆ, ನೀವೆಲ್ಲ ಬರೋ ಮುಂಚೆ ತೆಗೆದಿಟ್ಟಿದ್ದು ಸಾರ್. ಇದಕ್ಕೆ ಏನೂ ಹಾಕಿಲ್ಲ,” ಎಂದು ಪಿಸುಗುಟ್ಟಿ, ಆಚೀಚೆ ನೋಡಿಕೊಂಡು ಹೋದರು. ಹೊಸ ನಿಯಮದ ಪ್ರಕಾರ ಬ್ಯಾಗಿಲ್ಲದ ಏಲ್ ಕಲಬೆರಕೆ. ಮನೆಯಲ್ಲಿ ಇಟ್ಟುಕೊಳ್ಳುವುದೂ ಅಪರಾಧ.

ಸಾಹೇಬರು ಕಿಟಕಿ ಹಾಕಿದರು, ಪರದೆ ಎಳೆದರು, ಮೂರು ಲೋಟಗಳಿಗೆ ಸುರಿದರು. ಅತ್ತೆಯವರು ಮೊದಲು ಮೂಸಿ ನೋಡಿದರು. ಆಮೇಲೆ ಒಂದು ಗುಟುಕು. ಅವರ ಕೈ ಲೋಟದ ಮೇಲೆ ಹಾಗೇ ನಿಂತಿತು.

“ಅಳಿಯಂದ್ರೇ, ಇದರಲ್ಲಿ ನನ್ನ ಪೆಟ್ಟಿಗೆ ಇದೆಯಲ್ಲ! ಇದಕ್ಕೆ ಯಾವಾಗ ತೆರೆದೆ ನಾನು?”

ಸಾಹೇಬರು ಬರೆದದ್ದು ನಿಜವೆಂದು ಒಬ್ಬರಾದರೂ ಹೇಳಿದ್ದರು. ಅದೂ ಇಲಾಖೆಯ ಅಧಿಕೃತ ಅಜ್ಜಿಯೇ.

“ನೀವು ಹೇಳ್ರೀ, ಹೇಗಿದೆ?” ಎಂದರು ಹೆಂಡತಿ.

ಸಾಹೇಬರು ಇನ್ನೊಂದು ಗುಟುಕು ನುಂಗಿದರು. ದ್ರಾಕ್ಷಿ ಬಂತು, ಸುಟ್ಟ ಸಕ್ಕರೆ ಬಂತು, ಎದೆ ಬೆಚ್ಚಗಾಯಿತು. ಹೇಳಲೆಂದು ಬಾಯಿ ತೆರೆದರು. ಹೊರಗೆ ಯಾರದೋ ಚಪ್ಪಲಿ ಸಪ್ಪಳವಾಯಿತು.

“ಸಾಧಾರಣ,” ಎಂದರು.

ಹೆಂಡತಿ ಅರ್ಥವಾದಂತೆ ತಲೆಯಾಡಿಸಿದರು. ಅತ್ತೆಯವರು ತುಟಿ ಒರೆಸಿಕೊಂಡು, ಖಾಲಿ ಲೋಟ ಮುಂದಕ್ಕೆ ಚಾಚಿದರು.

“ಹಾಗಿದ್ರೆ ನನಗೂ ಇನ್ನೊಂಚೂರು ಸಾಧಾರಣ ಹಾಕಿ.”