ಕುರ್ಚಿಯಲ್ಲಿ ಗಡವ

ಮಂಗಗಳ ನಡುವೆ ಮಾಷ್ಟ್ರಾದವನಿಗೆ ನಗುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಆಗಿನ್ನೂ ನಮ್ಮ ಊರು ಮದ್ರಾಸು ಪ್ರಾಂತ್ಯಕ್ಕೆ ಸೇರಿತ್ತು. ಬೋವಿಕಾನದ ಹತ್ತಿರ ನಮ್ಮ ಶಾಲೆ, ಅಂಗಳದಲ್ಲಿ ಹಲಸಿನ ಮರ, ಮರದ ತುಂಬ ಮಂಗಗಳು. ಒಳಗೆ ಹೆಡ್ಮಾಷ್ಟ್ರು, ಎರಡನೇ ಮಾಷ್ಟ್ರು, ಎಲ್ಲರಿಗಿಂತ ಕೆಳಗೆ ನಾನು.

ಹಲಸಿನ ಹಣ್ಣು

ಒಮ್ಮೆ ಹಣ್ಣೊಂದು ಬಿದ್ದು ಒಡೆಯಿತು. ಹಿಂಡಿನ ದೊಡ್ಡ ಗಂಡು, ಅಂದರೆ ಗಡವ, ಬಂದು ಕೂತಿತು. ಹತ್ತಿರವಿದ್ದದ್ದು ಎದ್ದು ಜಾಗ ಬಿಟ್ಟಿತು; ಅದು ಹೋಗಿ ಇನ್ನೊಂದನ್ನು ಎಬ್ಬಿಸಿತು. ಹೀಗೆ ಸರಿದು ಸರಿದು ಕೊನೆಯ ಬಡಪಾಯಿ ಬೇಲಿಯಾಚೆ ಹೋಯಿತು. ಒಂದು ಮುದಿ ಹೆಣ್ಣು ಮಂಗ ಮಾತ್ರ ನೇರ ಬಂದು ಗಡವನ ಎದುರಿನಿಂದಲೇ ತೊಳೆ ಎತ್ತಿಕೊಂಡಿತು.

"ಆ ಬೇಲಿಯಾಚೆಯದ್ದು ನೀವೇ ಮಾರಾಯ್ರೆ" ಎಂದರು ಎರಡನೇ ಮಾಷ್ಟ್ರು. ಬೇಸರವಾದದ್ದು ಹೌದು. ಆದರೆ ಮರುದಿನದಿಂದ ಬುತ್ತಿಯ ದೋಸೆಯಲ್ಲಿ ಒಂದು ತುಂಡು ಆ ಬೇಲಿಯಾಚೆಯ ಮಂಗಕ್ಕೆ ಹಾಕತೊಡಗಿದೆ. ನಮ್ಮವರನ್ನು ನಾವೇ ನೋಡಿಕೊಳ್ಳಬೇಕಲ್ಲ!

ಪೇಟೆಯ ದಾರಿ

ಸಂಜೆ ಪೇಟೆಗೆ ಹೋಗುವಾಗ ಹೆಡ್ಮಾಷ್ಟ್ರು ಮುಂದೆ, ಎರಡನೆಯವರು ಸ್ವಲ್ಪ ಹಿಂದೆ, ನಾನು ಇನ್ನಷ್ಟು ಹಿಂದೆ. ಹೆಡ್ಮಾಷ್ಟ್ರು ಎಲೆಯಡಿಕೆ ಉಗುಳಲು ನಿಂತರೆ ನಾವೂ ನಿಲ್ಲಬೇಕು. ಚಹಾದಂಗಡಿಯ ಬ್ಯಾರಿ ಕಾಕ ಒಮ್ಮೆ ನನ್ನನ್ನು ಕರೆದು ಗುಟ್ಟಿನಲ್ಲಿ ಕೇಳಿದರು: "ಮಾಷ್ಟ್ರೇ, ಇದನ್ನು ಮಂಗಗಳಿಗೆ ನೀವು ಕಲಿಸಿದ್ದಾ, ನಿಮಗೆ ಅವು ಕಲಿಸಿದ್ದಾ?"

ಇನ್ಸ್‌ಪೆಕ್ಟರ್ ಬಂದದ್ದು

ಐದನೇ ತರಗತಿ ಉಳಿಯಬೇಕೋ ಬೇಡವೋ ಎಂದು ನೋಡಲು ಇನ್ಸ್‌ಪೆಕ್ಟರು ಬಂದರು. ತರಗತಿ ಹೋದರೆ ನನ್ನ ಕೆಲಸವೂ ಹೋಗುತ್ತಿತ್ತು. ಹಿಂದಿನ ದಿನದಿಂದ ನನಗೆ ಊಟ ಸೇರಿರಲಿಲ್ಲ.

ಅವರಿಗೆಂದು ಜಗಲಿಯಲ್ಲಿ ಕೈಯಿರುವ ಕುರ್ಚಿ ಹಾಕಿದ್ದೆವು. ಅದರಲ್ಲಿ ಗಡವ ಕೂತಿತ್ತು.

ಇನ್ಸ್‌ಪೆಕ್ಟರು ಹೆಡ್ಮಾಷ್ಟ್ರನ್ನು ನೋಡಿದರು. ಹೆಡ್ಮಾಷ್ಟ್ರು ಎರಡನೆಯವರನ್ನು ನೋಡಿದರು, ಅವರು ನನ್ನನ್ನು. ನನ್ನ ಹಿಂದೆ ಗೋಡೆ. "ಹುಶ್" ಎಂದೆ. ಗಡವ ಹಲ್ಲು ತೋರಿಸಿತು.

ಇನ್ನೇನು ಮಾಡುವುದು? ಇನ್ಸ್‌ಪೆಕ್ಟರು ಹೆಡ್ಮಾಷ್ಟ್ರ ಕುರ್ಚಿಯಲ್ಲಿ ಕೂತರು. ಹೆಡ್ಮಾಷ್ಟ್ರು ಎರಡನೆಯವರ ಸ್ಟೂಲಿಗೆ, ಎರಡನೆಯವರು ನನ್ನ ಬೆಂಚಿಗೆ ಬಂದರು. ನಾನು ಮೆಟ್ಟಿಲಿಗೆ ಇಳಿದೆ. ಕೆಲಸ ಹೋಯಿತೆಂದೇ ಲೆಕ್ಕ ಹಾಕಿದೆ.

ಅಷ್ಟರಲ್ಲಿ ಪಕ್ಕದ ಮನೆಯಿಂದ ಹೆಡ್ಮಾಷ್ಟ್ರ ಹೆಂಡತಿ, ಊರಿಗೆಲ್ಲ ಅಕ್ಕ, ಕಾಫಿ ತಂದರು. ಕುರ್ಚಿ ನೋಡಿದವರೇ ಕಾಫಿ ಕೆಳಗಿಟ್ಟು, ಸೊಂಟಕ್ಕೆ ಕೈ ಕೊಟ್ಟು, "ಎಂತ ಇದು? ಏಳು ಅಲ್ಲಿಂದ!" ಎಂದು ಗದರಿದರು.

ಗಡವ ಎದ್ದಿತು. ಹೆಡ್ಮಾಷ್ಟ್ರೂ ಎದ್ದರು, ಅವರಿಗೆ ಆ ಸ್ವರದ ಅಭ್ಯಾಸ ಉಂಟು. ಹೆಡ್ಮಾಷ್ಟ್ರು ಎದ್ದ ಮೇಲೆ ನಾವು ಕೂತಿರುವುದು ಹೇಗೆ? ನಾವೂ ಎದ್ದೆವು. ಕೊನೆಗೆ ಇನ್ಸ್‌ಪೆಕ್ಟರೂ ಮೆಲ್ಲನೆ ಎದ್ದು ನಿಂತರು.

"ಅಯ್ಯೋ, ನಿಮಗಲ್ಲ, ಕೂತುಕೊಳ್ಳಿ" ಎಂದರು ಅಕ್ಕ. ಎಲ್ಲರೂ ಕೂತೆವು.

ಕಾಫಿ ಕುಡಿದು ಇನ್ಸ್‌ಪೆಕ್ಟರು ಹೇಳಿದರು: "ಐದನೇ ತರಗತಿ ಇರಲಿ. ಶಿಸ್ತು ಉಂಟು ಇಲ್ಲಿ."

ಮೆಟ್ಟಿಲಲ್ಲಿದ್ದ ನನಗೆ ಅಳು ಬಂತು. ಹೊರಡುವಾಗ ಇನ್ಸ್‌ಪೆಕ್ಟರು ಹೆಡ್ಮಾಷ್ಟ್ರ ಹತ್ತಿರ ಬಗ್ಗಿ ಕೇಳಿದರು: "ಇನ್ನು ಮುಂದೆ ಶಾಲೆಯ ವಿಷಯ ಮಾತಾಡಲಿಕ್ಕೆ ನಿಮ್ಮ ಹತ್ತಿರ ಬರಬೇಕಾ, ಅಕ್ಕನ ಹತ್ತಿರವಾ?"