ನಮ್ಮ ಮದುವೆಯ ಹಾಡನ್ನು ಅಳಿಸಿದ ಮಾನ್ಯರಿಗೆ

ಅಂತರ್ಜಾಲ ಶಿಸ್ತು ಪ್ರಾಧಿಕಾರದ ಅಧ್ಯಕ್ಷರು,
ಬೆಂಗಳೂರು

ಮಾನ್ಯರೇ,

ನನ್ನ ಮದುವೆ ಆಗಿಹೋಯಿತು, ಅದೂ ನಾನು ಬಯಸಿದವನೊಂದಿಗೇ, ಮತ್ತು ಈ ಸಿಹಿಸುದ್ದಿಯನ್ನು ತಮಗೆ ಎಲ್ಲರಿಗಿಂತ ಕಡೆಗೆ ತಿಳಿಸುತ್ತಿರುವುದಕ್ಕೆ ಕ್ಷಮೆಯಿರಲಿ; ನಮ್ಮ ಸಂದೇಶಗಳನ್ನೆಲ್ಲ ಮೊದಲೇ ಓದಿರುವ ತಮಗೆ ಬೇರೆ ಕರೆಯೋಲೆ ಏಕೆಂದು ಮನೆಯವರು ಸುಮ್ಮನಾದರು. ನಾನು ಅಂಕೋಲೆಯವಳು, ನನ್ನ ರವಿಕಿರಣ ಕಾರವಾರದವನು, ಎರಡೂ ಮೀನುಗಾರರ ಮನೆ. ಇಂಗ್ಲಿಷ್ ಶಾಲೆಯಲ್ಲಿ ಓದಿದ ನನಗೆ ಕನ್ನಡದಲ್ಲಿ ದೂರು ಬರೆದು ರೂಢಿಯಿಲ್ಲ, ಮೇಲಾಗಿ ಈಚೆಗೆ ಕಾಲು ನೆಲಕ್ಕೆ ತಾಗುತ್ತಿಲ್ಲ. ಪತ್ರ ಅಲ್ಲಲ್ಲಿ ಕುಣಿದರೆ ತಾವು ದೊಡ್ಡ ಮನಸ್ಸು ಮಾಡಬೇಕು.

ದಿಬ್ಬಣ ಬಾಗಿಲಿಗೆ ಬಂದಾಗ ಹೆಣ್ಣಿನ ಕಡೆಯ ಹೆಂಗಸರು ಗಂಡಿನ ಕಡೆಯವರನ್ನು ಹಾಡಿನಲ್ಲಿ ಜರೆಯುವುದು ನಮ್ಮಲ್ಲಿ ವಾಡಿಕೆ. ಜರೆಯದಿದ್ದರೆ ಬಂದವರಿಗೇ ಅವಮಾನ. ಜರೆಸಿಕೊಂಡವರು ತಿರುಗಿ ಹಾಡಿ ಉತ್ತರ ಕೊಡಬೇಕು. ನನ್ನ ಚಿಕ್ಕಮ್ಮ ಗೋದಾವರಿ, ಅಂಕೋಲೆಯಲ್ಲಿ ಮೀನು ಮಾರುವವಳು, "ಕಳ್ಳರ ದೋಣಿ ಬಂತಲ್ಲೇ, ಬಲೆಯ ಬೀಸಿ ಹಿಡೀರೇ, ಮೀಸೆ ಸುಟ್ಟು ಬಿಡೀರೇ" ಎಂದು ಎತ್ತಿಕೊಂಡಾಗ ನನ್ನ ಮಾವನವರು ನಕ್ಕು ನಕ್ಕು ಮುಂಡಾಸು ಬೀಳಿಸಿಕೊಂಡರು. ಆ ವಿಡಿಯೊವನ್ನು ಅಂತರ್ಜಾಲಕ್ಕೆ ಹಾಕಿದ ಮರುದಿನವೇ ಅದು ಮಾಯವಾಯಿತು, ಹಿಂದೆಯೇ ತಮ್ಮ ನೋಟಿಸು ಬಂತು: ಕಾರವಾರದ ನೌಕಾನೆಲೆಯ ನೆರೆಯಲ್ಲಿ ದೋಣಿ ಹಿಡಿಯುವ, ಸುಡುವ ಪ್ರಚೋದನೆ. ಚಿಕ್ಕಮ್ಮನ ಫೋನಿನ ಖಾತೆಯೂ ಮುಚ್ಚಿತು. ಅಮದಳ್ಳಿ, ಅರ್ಗಾದ ಮನೆಗಳಿಂದ ಮೀನಿಗೆ ಹೇಳಿಕಳಿಸುತ್ತಿದ್ದುದು ಅದೇ ಖಾತೆಗೆ. ಈಗ ಬಂಗಡೆ ಬುಟ್ಟಿಯಲ್ಲೇ ಇದೆ, ಯಾರಿಗೆ ಎಷ್ಟು ಬೇಕೋ ಅವಳಿಗೆ ತಿಳಿಯದು.

ಆದರೂ ತಮ್ಮ ಶ್ರದ್ಧೆಯನ್ನು ಹೊಗಳದಿರಲಾರೆ. ಚಿಕ್ಕಮ್ಮ ಗೆಳತಿಯರಿಗಷ್ಟೇ ಕಳಿಸಿದ್ದ "ಎಲ್ಲಾ ಬೇಗ ಬನ್ನಿ, ಗಂಡಿನ ಕಡೆಯವ್ರಿಗೆ ಒಂದು ಗತಿ ಕಾಣಿಸ್ವ" ಎಂಬ ಸಂದೇಶವನ್ನೂ ತಾವು ನೋಟಿಸಿನಲ್ಲಿ ಸಾಕ್ಷಿಯಾಗಿ ಇಟ್ಟಿದ್ದೀರಿ. ಕೈಹಿಡಿದ ಗಂಡನೇ ನನ್ನ ಉದ್ದುದ್ದ ಸಂದೇಶಗಳಿಗೆ ಹೆಬ್ಬೆರಳು ತೋರಿಸಿ ಮುಗಿಸುವಾಗ, ಕೊನೆಯ ಸಾಲಿನ ತನಕ ಓದುವವರು ಬೆಂಗಳೂರಿನಲ್ಲಿ ಒಬ್ಬರಿದ್ದಾರೆಂದರೆ ಯಾವ ಹೆಣ್ಣಿಗೆ ಸಂತೋಷವಾಗದು? ಹೇಗೂ ಓದಿದ್ದೀರಿ, ನಾನು ಕೋಕಂ ಹಿಂಡಿ ಮಾಡಿದ ಸೋಲ್‌ಕಡಿ ಕುಡಿದು ಅಮೃತವೆಂದವನು ತನ್ನ ಗೆಳೆಯರಿಗೆ ಏನು ಬರೆದಿದ್ದಾನೆಂದು ದಯವಿಟ್ಟು ತಿಳಿಸಿ. ಮುಂದಿನ ವರ್ಷ ಮದುವೆಯ ದಿನವನ್ನೂ ಅವನಿಗೆ ತಾವೇ ನೆನಪಿಸಿದರೆ ಮಹದುಪಕಾರ.

ಈಗ ತಾವು ಇದನ್ನೆಲ್ಲ ಕಾಯ್ದೆಯಾಗಿಸಲು ಹೊರಟಿದ್ದೀರಿ: ನ್ಯಾಯಾಲಯವನ್ನು ಕೇಳದೆ ಓದುವುದು, ಕಾರಣ ಹೇಳದೆ ಅಳಿಸುವುದು. ಕರಡಿನ ಕೊನೆಯಲ್ಲಿ, ಇರುವೆಯ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ, ಆಕ್ಷೇಪಣೆಯಿರುವ ಸಾರ್ವಜನಿಕರು ಬರೆದು ತಿಳಿಸಿ ಸೋಮವಾರದ ವಿಚಾರಣೆಗೆ ಬರಬಹುದೆಂದಿದೆ. ಅದನ್ನು ನಾನು ಆಮಂತ್ರಣವೆಂದೇ ತಿಳಿದು ಅಂಕೋಲೆಯ ಮೀನುಪೇಟೆಯಲ್ಲಿ ಗಟ್ಟಿಯಾಗಿ ಓದಿದೆ. ಚಿಕ್ಕಮ್ಮ ಕತ್ತಿ ಕೆಳಗಿಟ್ಟು, "ನಾ ಜರೆದದ್ದು ಗಂಡಿನ ಕಡೆಯವ್ರಿಗೆ. ಇವ್ರಿಗೆಂತಕ್ಕೆ ಸಿಟ್ಟು ಬಂತು ತಂಗೀ, ಇವ್ರೂ ದಿಬ್ಬಣದಲ್ಲಿ ಬಂದಿದ್ರಾ? ಸಿಟ್ಟು ಬಂದ್ರೆ ತಿರುಗಿ ಹಾಡೂದು ಬಿಟ್ಟು ಬಾಯಿ ಹೊಲಿಯೂದಾ?" ಎಂದಳು. ಅಂದಿನಿಂದ ಪೇಟೆಯಲ್ಲಿ ಮೀನು ಕೊಳ್ಳುವವರೆಲ್ಲ ಒಂದೊಂದು ಆಕ್ಷೇಪಣೆ ಬರೆದೇ ಹೋಗುತ್ತಾರೆ, ಅವರವರ ಮಾತಿನಲ್ಲಿ. ಕೆಲವಕ್ಕೆ ಬಂಗಡೆಯ ವಾಸನೆಯಿದ್ದರೆ ಅದನ್ನು ಊರಿನ ಮುದ್ರೆಯೆಂದು ಭಾವಿಸಬೇಕು. ಚಿಕ್ಕಮ್ಮನ ಸಂದೇಶವನ್ನು ಯಾರ ಅಪ್ಪಣೆಯಿಂದ ಓದಿದಿರೆಂದು ಮಾಹಿತಿ ಹಕ್ಕಿನಲ್ಲಿ ಕೇಳಿದ್ದೇವೆ. ಸದನದಲ್ಲಿ ಪ್ರಶ್ನೆಯೆತ್ತಲು ಶಾಸಕರ ಮನೆಗೆ ಹೋಗಿ ಬಂದೆವು. ಖಾತೆಗಾಗಿ ವಕೀಲರು ಮೇಲ್ಮನವಿ ಬರೆಯುತ್ತಿದ್ದಾರೆ. ಮಧುಚಂದ್ರಕ್ಕೆಂದು ತೆಗೆದಿಟ್ಟ ರಜೆ ಹೀಗೆ ಸಾರ್ಥಕವಾಗುತ್ತಿದೆ.

ನಮ್ಮ ಪ್ರಾರ್ಥನೆ ಸಣ್ಣದು. ಗೋದಾವರಿಯ ಖಾತೆ ತೆರೆಯಿರಿ. ಮುಂದೆ ಯಾರದನ್ನಾದರೂ ಓದಬೇಕೆನಿಸಿದರೆ ನ್ಯಾಯಾಧೀಶರ ಆದೇಶ ತನ್ನಿ, ಅಳಿಸುವ ಮೊದಲು ಕಾರಣ ಹೇಳಿ, ನಮ್ಮ ಮಾತು ಕೇಳಿ. ಅಷ್ಟಾಗಿಯೂ ಹಾಡಿನಿಂದ ನೋವಾಗಿದ್ದರೆ ವಾಡಿಕೆಯಂತೆ ಎದ್ದು ನಿಂತು ತಿರುಗಿ ಹಾಡಿ. ರಾಗ ತಪ್ಪಿದರೆ ಯಾರೂ ಖಾತೆ ಮುಚ್ಚುವುದಿಲ್ಲ.

ನಾನು ಬರೆದದ್ದನ್ನೆಲ್ಲ ಓದುವ ತಮಗೆ ಸದಾ ಋಣಿಯಾಗಿರುವ,
ತಮ್ಮ ವಿಶ್ವಾಸಿ,
ಲತಾ ರವಿಕಿರಣ

ಮರೆತ ಮಾತು: ಚಿಕ್ಕಮ್ಮ ತಮಗಾಗಿಯೇ ಒಂದು ಹೊಸ ಹಾಡು ಕಟ್ಟಿದ್ದಾಳೆ. ಬೇಕೆಂದೇ ಅದನ್ನು ಯಾವ ಫೋನಿಗೂ ಹಾಕಿಲ್ಲ, ಹಾಗಾಗಿ ತಾವಿನ್ನೂ ಅದನ್ನು ಓದಿರಲಾರಿರಿ. ಅವಳು, ನಾನು, ಆಕ್ಷೇಪಣೆಗಳ ಬುಟ್ಟಿ ಹೊತ್ತ ನನ್ನ ಗಂಡ, ಮೀನುಪೇಟೆಯ ಹೆಂಗಸರು, ಎಲ್ಲರೂ ದಿಬ್ಬಣವಾಗಿಯೇ ಬರುತ್ತಿದ್ದೇವೆ. ಬಾಗಿಲಲ್ಲಿ ನಿಂತು ಜರೆಯುವ ಸರದಿ ಈ ಸಲ ತಮ್ಮದಾಗಬೇಕಿತ್ತು, ಆದರೆ ತಮಗೆ ಹಾಡಲು ಬರದೆಂದು ಅದನ್ನೂ ನಾವೇ ವಹಿಸಿಕೊಂಡಿದ್ದೇವೆ. ಸೋಮವಾರ ಬೆಳಿಗ್ಗೆ, ಕಾರವಾರದ ರೈಲು, ಪಂಚಗಂಗಾ ಎಕ್ಸ್‌ಪ್ರೆಸ್.